ಗಿರಾಕಿ ಕಳಿಸಿದವರಿಗೆ ಒಂದು ದಿಂಬು

ಹಾಸಿಗೆ ಅಂಗಡಿಯ ಯಜಮಾನರು ತಮ್ಮದೇ ಅಂಗಡಿಯ ವೆಬ್‌ಸೈಟನ್ನು ಒಂದು ವರ್ಷದಿಂದ ತೆರೆದು ನೋಡಿರಲಿಲ್ಲ. ಅಂಗಡಿಯಲ್ಲಿ ಎಲ್ಲರೂ ನೆಮ್ಮದಿಯಾಗಿದ್ದುದಕ್ಕೆ ಅದೇ ಕಾರಣ. ಆ ದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಏನೂ ತೋಚದೆ ಮೊಬೈಲಿನಲ್ಲಿ ಅದನ್ನು ತೆರೆದರು. ತೆರೆದವರೇ ಬಾಯಿ ಕೂಡ ಸರಿಯಾಗಿ ಮುಕ್ಕಳಿಸದೆ ಅಂಗಡಿಗೆ ಓಡಿಬಂದರು.

"ಸೀನಪ್ಪಾ! ಏ ಸೀನಪ್ಪಾ!"

ಸೀನಪ್ಪ ಮಹಡಿಯ ಮೇಲಿನ ಗಾಜಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತಿದ್ದ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಕೆಳಗಿನ ಗೋಡೌನಿನಲ್ಲಿ ದಿಂಬಿಗೆ ಹತ್ತಿ ತುಂಬುವ ಕೆಲಸಕ್ಕಿದ್ದಾಗ ಹತ್ತಿಯ ಧೂಳಿಗೆ ಒಂದೇ ಸಮ ಸೀನಿ ಸೀನಿ ಈ ಬಿರುದು ಸಂಪಾದಿಸಿಕೊಂಡಿದ್ದ. ಆ ಸೀನು ಅಂಗಡಿಯ ಬಾಗಿಲು ಹಾಕಿದರೂ ನಿಲ್ಲುತ್ತಿರಲಿಲ್ಲ, ಮನೆಗೂ ಜೊತೆಯಲ್ಲೇ ಬರುತ್ತಿತ್ತು. ಹೆಂಡತಿ ಒಂದಷ್ಟು ದಿನ ತಡೆದುಕೊಂಡು, ಕೊನೆಗೆ ಚಾಪೆ ಸುತ್ತಿಕೊಂಡು ಅಡುಗೆಮನೆಯಲ್ಲಿ ಮಲಗತೊಡಗಿದಳು. ಆಮೇಲೆ ಸೀನಪ್ಪ ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತ, ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟ, ಮಹಡಿ ಹತ್ತಿದ. ಸೀನು ನಿಂತಿತು. ಹೆಂಡತಿ ಚಾಪೆ ಸಮೇತ ವಾಪಸ್ಸು ಬಂದಳು. ಹಾಗಾಗಿ ಅದು ಬರೀ ಕುರ್ಚಿಯಲ್ಲ, ಅವನ ಸಂಸಾರವೇ ಅದರ ನಾಲ್ಕು ಕಾಲಿನ ಮೇಲೆ ನಿಂತಿತ್ತು.

"ಏನೋ ಇದು!" ಎಂದು ಯಜಮಾನರು ಮೊಬೈಲನ್ನು ಅವನ ಮೂಗಿಗೇ ಹಿಡಿದರು. "ಇಷ್ಟೊಂದು ಜನ ನಮಗೆ ಗಿರಾಕಿ ಕಳಿಸಿದ್ದಾರೆ! ಸಾವಿರಗಟ್ಟಲೆ! ಒಬ್ಬರಿಗಾದ್ರೂ ದಿಂಬು ಕಳಿಸಿದ್ದೀಯೇನೋ?"

ಈ ದಿಂಬಿನ ಕತೆ ಸ್ವಲ್ಪ ಹೇಳಬೇಕು. ಯಜಮಾನರ ಅಪ್ಪ, ಅಂದರೆ ಅಂಗಡಿ ಕಟ್ಟಿದ ದೊಡ್ಡ ಯಜಮಾನರು, ಒಂದು ಪದ್ಧತಿ ಹಾಕಿಕೊಟ್ಟು ಹೋಗಿದ್ದರು. ಯಾರಾದರೂ ಗಿರಾಕಿ ಬಂದು "ನನ್ನನ್ನ ಇಂಥವರು ಕಳಿಸಿದ್ರು" ಎಂದರೆ ಸಾಕು, ಆ ಇಂಥವರ ಮನೆಗೆ ಒಂದು ದಿಂಬು ಹೋಗಬೇಕು, ಅವರ ಹೆಸರು ಅಂಗಡಿಯ ಹಲಗೆಯ ಮೇಲೆ ಏರಬೇಕು. ದೊಡ್ಡವರು ಹೋದ ಮೇಲೆ ಹಲಗೆಗೆ ಗೆದ್ದಲು ಹಿಡಿಯಿತು. ಆಗ ಸೀನಪ್ಪ ತನ್ನ ಬುದ್ಧಿಗೆ ತಾನೇ ಬೆರಗಾಗಿ ಆ ಹಲಗೆಯನ್ನು ವೆಬ್‌ಸೈಟಿಗೆ ಏರಿಸಿದ. ಮೇಲೆ ದೊಡ್ಡ ಯಜಮಾನರ ಫೋಟೋ. ಅದರ ಕೆಳಗೆ "ನಮಗೆ ಗಿರಾಕಿ ಕಳಿಸಿದ ಮಹನೀಯರಿಗೆ ಕೃತಜ್ಞತೆಗಳು" ಎಂಬ ಸಾಲು. ಅದರ ಕೆಳಗೆ ಪಟ್ಟಿ.

ಆ ಪಟ್ಟಿಯನ್ನು ಕೈಯಲ್ಲಿ ಬರೆಯುವ ತೊಂದರೆಯೂ ಇರಲಿಲ್ಲ. ವೆಬ್‌ಸೈಟಿಗೆ ಯಾರೇ ಬರಲಿ, ಯಾವ ಸೈಟಿನ ಲಿಂಕ್ ಒತ್ತಿ ಬಂದರು ಎಂಬುದನ್ನು ಸರ್ವರು ತನ್ನ ಲಾಗಿನಲ್ಲಿ, ಅಂದರೆ ಬಂದುಹೋದವರ ದಾಖಲೆಯಲ್ಲಿ, ತಾನೇ ಗುರುತು ಹಾಕಿಕೊಳ್ಳುತ್ತದೆ. ಸೀನಪ್ಪನ ಪುಟ ಆ ಹೆಸರುಗಳನ್ನು ಎತ್ತಿ, ಎಷ್ಟು ಗಿರಾಕಿ ಕಳಿಸಿದರು ಎಂಬ ಎಣಿಕೆಯ ಸಮೇತ, ಒತ್ತಿದರೆ ಅವರ ಸೈಟಿಗೇ ಹೋಗುವ ಹಾಗೆ ಅಂದವಾಗಿ ಛಾಪಿಸುತ್ತಿತ್ತು. ಒಂದು ಸಲ ಮಾಡಿಟ್ಟು ಅವನು ಮರೆತೇಬಿಟ್ಟಿದ್ದ. ಮರೆಯದವರು ಜಗತ್ತಿನಲ್ಲಿ ಬೇರೆ ಇದ್ದರು.

ಸೀನಪ್ಪ ಪಟ್ಟಿ ನೋಡಿ ಬೆವರಿದ.

"ಯಜಮಾನ್ರೇ, ಇವರು ಯಾರೂ ಗಿರಾಕಿ ಕಳಿಸಿಲ್ಲ. ಇದೆಲ್ಲ ಸುಳ್ಳು."

"ಸುಳ್ಳು ಅಂದ್ರೆ? ಬರದೇ ಇದ್ದೋರ ಲೆಕ್ಕ ಹೇಗೋ ಬರುತ್ತೆ?"

"ಮೆಷಿನ್ನು ಬರುತ್ತೆ. ನಮ್ಮ ಬಾಗಿಲು ತಟ್ಟಿ, 'ನನ್ನನ್ನ ಇಂಥೋರು ಕಳಿಸಿದ್ರು' ಅಂತ ಕೂಗಿ, ಓಡಿಹೋಗುತ್ತೆ. ಒಳಗೆ ಬರಲ್ಲ, ಹಾಸಿಗೆ ನೋಡಲ್ಲ. ದಿನಾ ನೂರು ಸಲ ಹೀಗೇ."

"ಓಡಿಹೋಗೋಕೆ ಯಾಕೋ ಬರಬೇಕು? ಅದಕ್ಕೇನು ತಲೆ ಕೆಟ್ಟಿದ್ಯಾ?"

"ನಾವು ಹೆಸರು ಬರ್ಕೋತೀವಲ್ಲ, ಅದಕ್ಕೇ. ಇಷ್ಟು ದೊಡ್ಡ ಹಾಸಿಗೆ ಅಂಗಡಿಯವರೇ ಕೃತಜ್ಞತೆ ಹೇಳಿದ್ದಾರೆ ಅಂದ್ಮೇಲೆ ಒಳ್ಳೆಯವರೇ ಇರಬೇಕು ಅಂತ ಜನ ಅವರ ಲಿಂಕ್ ಒತ್ತುತ್ತಾರೆ."

ಇಷ್ಟು ಹೇಳುವಾಗ ಸೀನಪ್ಪನಿಗೇ ಒಂದು ವಿಷಯ ಹೊಳೆಯಿತು. ಈ ಕಳ್ಳರನ್ನು ಕರೆದು ಮಣೆ ಹಾಕಿದವನು ತಾನೇ. ಬೇರೆ ಅಂಗಡಿಗಳ ಲಾಗು ಒಳಗೇ ಇರುತ್ತದೆ, ಇವನೊಬ್ಬ ಅದನ್ನು ಬೀದಿಗೆ ತೂಗುಹಾಕಿದ್ದ. ಈ ಭಾಗವನ್ನು ಯಜಮಾನರಿಗೆ ಹೇಳುವ ಅವಸರವೇನಿಲ್ಲ ಎಂದು ಅವನು ತೀರ್ಮಾನಿಸಿದ.

ಯಜಮಾನರಿಗೆ ಒಂದಕ್ಷರವೂ ನಾಟಲಿಲ್ಲ. ಅವರು ಮೇಜಿನ ಮೇಲೇ ಕೂತು ಖುಷಿಯಿಂದ ಪಟ್ಟಿಯನ್ನು ಗಟ್ಟಿಯಾಗಿ ಓದತೊಡಗಿದರು. "ಮೊದಲನೇ ಸ್ಥಾನ, 'ಬೊಜ್ಜು ಕರಗಿಸಿ'. ಅಬ್ಬಾ, ಎಷ್ಟು ಕಳಿಸಿದ್ದಾರೆ, ಪುಣ್ಯಾತ್ಮರು! ಎರಡನೇದು 'ಬಂಪರ್ ಲಾಟರಿ'. ಮೂರನೇದು 'ಸಿಂಗಲ್ ಲೇಡೀಸ್, ಇವತ್ತೇ ಮಾತಾಡಿ'..."

ಅಲ್ಲಿಗೆ ಓದು ನಿಂತಿತು. ಯಜಮಾನರು ಫೋಟೋದಲ್ಲಿದ್ದ ಅಪ್ಪನನ್ನು ನೋಡಿದರು. ದೊಡ್ಡ ಯಜಮಾನರು ಬದುಕಿದ್ದಾಗ ಎರಡು ಕುರ್ಚಿ ಹಿಡಿಸುವಷ್ಟು ದಪ್ಪಗಿದ್ದರು. ಅವರ ಮೀಸೆಯ ಕೆಳಗೆ ಸರಿಯಾಗಿ "ಬೊಜ್ಜು ಕರಗಿಸಿ" ಎಂದು ಬರೆದಿತ್ತು, ಅದರ ಕೆಳಗೆ ಆ ಲೇಡೀಸು.

"ಅಯ್ಯೋ ಪಾಪಿ! ನಮ್ಮಪ್ಪ ಕಣೋ ಅದು! ಒಬ್ಬ ಹೆಂಗಸನ್ನ ತಲೆ ಎತ್ತಿ ನೋಡ್ದೋರಲ್ಲ!"

ಅದೇ ಹೊತ್ತಿಗೆ ಮೊಬೈಲು ರಿಂಗಾಯಿತು. ಯಜಮಾನರು ಎದ್ದು ನಿಂತು ಮಾತಾಡಿದರು. ಅವರು ಹಾಗೆ ಎದ್ದು ನಿಂತು ಮಾತಾಡುವುದು ಜಗತ್ತಿನಲ್ಲಿ ಒಬ್ಬರ ಹತ್ತಿರ ಮಾತ್ರ, ಅವರ ಅಕ್ಕನ ಹತ್ತಿರ. ಅಂಗಡಿಯಲ್ಲಿ ಅಕ್ಕನ ಪಾಲು ದೊಡ್ಡದು, ಅಕ್ಕನ ಗಂಟಲು ಅದಕ್ಕಿಂತ ದೊಡ್ಡದು.

"ಸಂಜೆ ಐದಕ್ಕೆ ಅಕ್ಕ ಬರ್ತಾಳಂತೆ," ಎಂದರು ಯಜಮಾನರು, ಬಿಳಿಚಿಕೊಂಡು. "ಅಪ್ಪನ ಪುಟ ನೋಡಬೇಕಂತೆ! ಲೋ ಸೀನಪ್ಪ, ಅಷ್ಟರೊಳಗೆ ಈ ಗಲೀಜೆಲ್ಲ ಹೋಗಿರಬೇಕು. ಇಲ್ಲಾಂದ್ರೆ ನೀನು ಮತ್ತೆ ಗೋಡೌನಿಗೆ!"

ಗೋಡೌನು ಎಂಬ ಮಾತು ಕಿವಿಗೆ ಬಿದ್ದದ್ದೇ ಸೀನಪ್ಪ ಜೋರಾಗಿ ಸೀನಿದ.

"ಒಂದ್ ಕೆಲ್ಸ ಮಾಡೋಣ ಯಜಮಾನ್ರೇ, ಆ ಪುಟಾನೇ ತೆಗೆದುಬಿಡೋಣ," ಎಂದ ಮೂಗೊರೆಸಿಕೊಂಡು. ನಿಜವಾಗಿ ಅದೊಂದೇ ಬುದ್ಧಿವಂತಿಕೆಯ ಮಾತು. ಆದ್ದರಿಂದ ಅದು ತಕ್ಷಣ ತಿರಸ್ಕೃತವಾಯಿತು.

"ಅಪ್ಪನ ಪದ್ಧತೀನೇ ತೆಗೀತೀಯಾ? ಅಕ್ಕ ನನ್ನನ್ನ ತೆಗೀತಾಳೆ!"

ಇಷ್ಟೆಲ್ಲ ಗದ್ದಲವಾದ ಮೇಲೆ ಕೆಳಗಿನವರು ಸುಮ್ಮನಿರುತ್ತಾರೆಯೇ? ಮೊದಲು ಮೆಟ್ಟಿಲು ಹತ್ತಿ ಬಂದವರು ಕ್ಯಾಷಿಯರು. ಕ್ಯಾಷಿಯರಿಗೆ ಕಂಪ್ಯೂಟರಿನ ಬಗ್ಗೆ ತಿಳಿಯದ್ದೇ ಇರಲಿಲ್ಲ, ಏಕೆಂದರೆ ಅವರ ಭಾವಮೈದುನ ಕಂಪ್ಯೂಟರ್ ಅಂಗಡಿಯ ಪಕ್ಕದ ಮನೆಯಲ್ಲಿದ್ದ.

"ಮೊದಲು ಇವು ನಿಜವೋ ಸುಳ್ಳೋ ಪರೀಕ್ಷೆ ಮಾಡಬೇಕು," ಎಂದರು ಕ್ಯಾಷಿಯರು ಗಂಭೀರವಾಗಿ. "ಸುಮ್ನೆ ಒಬ್ಬರ ಮೇಲೆ ಅಪವಾದ ಹೊರಿಸಬಾರದು."

"ದಯವಿಟ್ಟು ಒತ್ತಬೇಡಿ ಸಾರ್," ಎಂದು ಸೀನಪ್ಪ ಕೈಮುಗಿದ. "ನಾವು ಒತ್ತಲಿ ಅಂತಾನೇ ಅವರು ಇಷ್ಟೆಲ್ಲ ಮಾಡ್ತಿರೋದು."

"ನನಗೆ ಗೊತ್ತಿಲ್ವೇನಯ್ಯಾ?" ಎಂದು ಕ್ಯಾಷಿಯರು ಕೆಳಗಿಳಿದು ಹೋಗಿ ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರಿನಲ್ಲಿ ಲಾಟರಿಯನ್ನು ಒತ್ತಿದರು.

ಎರಡೇ ನಿಮಿಷ. ಕೆಳಗಿನಿಂದ ಕಹಳೆ ಊದಿದ ಸದ್ದು ಬಂತು. ಹಿಂದೆಯೇ ಒಂದು ಹೆಣ್ಣು ದನಿ "ಅಭಿನಂದನೆಗಳು! ನೀವು ಗೆದ್ದಿದ್ದೀರಿ!" ಎಂದು ಕಿರುಚತೊಡಗಿತು. ನಿಲ್ಲಿಸಲು ಹೋದರೆ ಇನ್ನೂ ಎರಡು ಕಿಟಕಿ ತೆರೆದುಕೊಂಡು, ಒಟ್ಟು ಮೂರು ಹೆಂಗಸರು ಒಟ್ಟಿಗೆ ಕಿರುಚಿದರು. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ಒಳಗೆ ನುಗ್ಗಿದರು. "ಏನ್ ಗೆದ್ದಿರಿ? ಏನ್ ಗೆದ್ದಿರಿ?" ಎಂದು ಕೇಳಿದರು. ಕ್ಯಾಷಿಯರು ಕಂಪ್ಯೂಟರಿನ ಮೇಲೆ ಒಂದು ಹಾಸಿಗೆ ಹೊದಿಸಿ ಅದರ ಮೇಲೆ ತಾವೇ ಕೂತುಕೊಂಡರು. ಹಾಸಿಗೆಯೊಳಗಿನಿಂದ ಅಭಿನಂದನೆಗಳು ಮಾತ್ರ ಬರುತ್ತಲೇ ಇದ್ದವು. ಅಂಗಡಿಯ ಹಾಸಿಗೆಯ ದಪ್ಪ ಸಾಲದು ಎಂಬ ಸಂಗತಿ ಊರಿಗೆಲ್ಲ ತಿಳಿಯಿತು. ಸೀನಪ್ಪ ಓಡಿಬಂದು ವೈರ್ ಕಿತ್ತ ಮೇಲೆಯೇ ಮೌನ.

"ಸುಳ್ಳು ಅಂತ ಖಚಿತವಾಯ್ತು," ಎಂದರು ಕ್ಯಾಷಿಯರು, ಬೆವರು ಒರೆಸಿಕೊಳ್ಳುತ್ತಾ. "ಕಾರು ಬಂದಿದೆ ಅಂದ್ರು. ಬಣ್ಣ ಯಾವುದು ಬೇಕು ಅಂತಾನೂ ಕೇಳಿದ್ರು. ಛೇ, ಎಂಥಾ ಜನ."

ಯಾವ ಬಣ್ಣ ಹೇಳಿದಿರಿ ಎಂದು ಸೀನಪ್ಪ ಕೇಳಲಿಲ್ಲ.

ಅವನು ಮೇಲೆ ಬಂದು ನೋಡಿದರೆ ಅವನ ಕುರ್ಚಿಯಲ್ಲಿ ಹೊಲಿಗೆಯಮ್ಮ ಕೂತಿದ್ದರು. ದಿಂಬು ಹಾಸಿಗೆಗಳ ಗವಸು ಹೊಲಿಯುವ ಈ ತಾಯಿಗೆ ಪ್ರಪಂಚದಲ್ಲಿ ಒಂದೇ ಕೊರಗು, ಸೊಂಟದ ಸುತ್ತಳತೆಯದು.

"ಸೀನಪ್ಪಾ, ಈ ಬೊಜ್ಜು ಕರಗಿಸೋ ಪುಡಿ ಒಳ್ಳೇದಾ?"

"ಅಮ್ಮಾ, ಅದು ಮೋಸ! ಮುಟ್ಟಬೇಡಿ!"

"ಮೋಸ ಏನಿಲ್ಲ ಕಣಪ್ಪ, ಫೋನ್ ನಂಬರ್ ಕೊಟ್ಟಿದ್ರು, ಮಾಡಿಯೂ ಆಯ್ತು. ಒಬ್ಬರು ಹೆಂಗಸು ಎತ್ತಿದ್ರು. ನನ್ನ ತೂಕ ಕೇಳಿ ಎಷ್ಟು ಬೈದ್ರು ಅಂತೀಯ! 'ತಿನ್ನೋವಾಗ ಬುದ್ಧಿ ಇರಲಿಲ್ವಾ?' ಅಂದ್ರು. ಮೋಸ ಮಾಡೋರು ಹಾಗೆ ಬೈತಾರಾ? ಒಂದು ಡಬ್ಬ ಹೇಳಿದ್ದೀನಿ. ಜೊತೆಗೆ ಏನೋ ಫ್ರೀ ಕೊಡ್ತಾರಂತೆ."

ಸೀನಪ್ಪ ತಲೆ ಚಚ್ಚಿಕೊಂಡು, ಅವರನ್ನು ಎಬ್ಬಿಸಿ, ಕೆಲಸಕ್ಕೆ ಕೂತ. ಮೊದಲು ಒಂದೊಂದೇ ಹೆಸರು ಅಳಿಸಿದ. ಹತ್ತು ಅಳಿಸುವಷ್ಟರಲ್ಲಿ ಹನ್ನೆರಡು ಬಂದವು. ಸರಿ, ಬಾಗಿಲಲ್ಲೇ ತಡೆಯೋಣವೆಂದು, ಇಂಥಿಂಥ ಪದ ಕಂಡರೆ ಒಳಗೆ ಬಿಡಬೇಡ ಎಂದು ಒಂದು ನಿಯಮ ಬರೆದ. ಬೊಜ್ಜು ಬೇಡ, ಲಾಟರಿ ಬೇಡ, ಸಿಂಗಲ್ ಬೇಡ. ಪಟ್ಟಿ ನೋಡನೋಡುತ್ತಲೇ ಕರಗಿತು. ಸೀನಪ್ಪ ಆನಂದದಿಂದ ಟೀ ತರಿಸಿದ.

ಟೀ ಬರುವ ಮೊದಲೇ ಯಜಮಾನರ ಕೂಗು ಬಂತು. ಅವರು ಕೆಳಗೆ ಫೋನಿನಲ್ಲಿ ಯಾರೊಂದಿಗೋ ಜಗಳಕ್ಕೆ ನಿಂತಿದ್ದರು.

"ಏನ್ ಸ್ವಾಮಿ ಹೀಗಂದ್ರೆ? ಸಿಂಗಲ್ ಹಾಸಿಗೆ ನಮ್ಮಲ್ಲಿ ರಾಶಿ ಇದೆ... ಏನು? ಸೈಟಲ್ಲಿ ಒಂದೂ ಇಲ್ವಾ? ಬರೀ ಡಬಲ್ಲಾ?... ಇಲ್ಲ ಸ್ವಾಮಿ, ಮದುವೆ ಆದೋರಿಗೆ ಮಾತ್ರ ಅಂತ ನಾವೇನೂ ನಿಯಮ ಮಾಡಿಲ್ಲ!"

ಸೀನಪ್ಪ ಆ ನಿಯಮವನ್ನು ಬಾಗಿಲಿಗೆ ಹಾಕುವ ಬದಲು ಇಡೀ ಮನೆಗೇ ಹಾಕಿದ್ದ. ಅಂಗಡಿಯ ಅರ್ಧ ಸರಕು ವೆಬ್‌ಸೈಟಿನಿಂದ ಮಾಯವಾಗಿತ್ತು. ಅದನ್ನು ತೆಗೆದು ಸರಿಮಾಡುವಷ್ಟರಲ್ಲಿ ಮಧ್ಯಾಹ್ನ ಜಾರಿತು. ತೆಗೆದ ಮರುಗಳಿಗೆಯೇ ಲೇಡೀಸು, ಲಾಟರಿ, ಬೊಜ್ಜು ಎಲ್ಲರೂ ತವರಿಗೆ ಬಂದವರ ಹಾಗೆ ಸಡಗರದಿಂದ ಮರಳಿದರು.

ನಾಲ್ಕೂವರೆಗೆ ಯಜಮಾನರು ಮೇಲೆ ಬಂದು ನೋಡಿ ಎದೆ ಹಿಡಿದುಕೊಂಡರು.

"ಇನ್ನೂ ಇದಾರಲ್ಲೋ!"

"ಇನ್ನೊಂದು ದಾರಿ ಇದೆ ಯಜಮಾನ್ರೇ. ನಾನೇ ನೋಡಿ ಒಪ್ಪೋತನಕ ಯಾರ ಹೆಸರೂ ಪುಟಕ್ಕೆ ಬರದ ಹಾಗೆ ಬೀಗ ಹಾಕ್ತೀನಿ. ಹಳೇದನ್ನೆಲ್ಲ ಪುಟದಿಂದ ತೆಗೀತೀನಿ. ಲಾಗು ಮಾತ್ರ ಒಳಗೆ ಇರಲಿ."

"ಅದರಲ್ಲೂ ಆ ಲೇಡೀಸ್ ಇದಾರಾ?"

"ಇದಾರೆ. ಆದ್ರೆ ಯಾರಿಗೂ ಕಾಣಲ್ಲ."

"ಅಕ್ಕನಿಗೆ ಗೋಡೆ ಹಿಂದಿಂದೂ ಕಾಣುತ್ತೆ! ಗುರುತೇ ಇರಕೂಡದು. ಪೂರಾ ತೊಳೆದುಬಿಡು."

"ಬೇಡ ಯಜಮಾನ್ರೇ. ಬಂದಿದ್ದು ಮೆಷಿನ್ನು, ಒಳಗೆ ಕಾಲಿಡದೆ ಓಡಿಹೋಗಿತ್ತು ಅನ್ನೋದಕ್ಕೆ ಇರೋ ಸಾಕ್ಷಿ ಅದೊಂದೇ."

"ಸಾಕ್ಷಿ ಯಾರಿಗೆ ಬೇಕೋ? ನಾವೇನು ಕೋರ್ಟಿಗೆ ಹೋಗ್ತೀವಾ? ಒತ್ತು!"

ಸೀನಪ್ಪ ಬೀಗವನ್ನೂ ಹಾಕಿ ಒತ್ತಿದ. ಒಂದು ವರ್ಷದ ಲಾಗು ಹೇಳಹೆಸರಿಲ್ಲದೆ ಹೋಯಿತು. ಪುಟದಲ್ಲಿ ದೊಡ್ಡ ಯಜಮಾನರು, ಅವರ ಮೀಸೆ, ಕೃತಜ್ಞತೆಯ ಸಾಲು ಮಾತ್ರ ಉಳಿದವು. ಅಷ್ಟು ಚೊಕ್ಕವಾಗಿ ಆ ಪುಟ ಎಂದೂ ಇರಲಿಲ್ಲ. ಯಜಮಾನರು ಸೀನಪ್ಪನ ಬೆನ್ನು ತಟ್ಟಿ, "ಈ ಕುರ್ಚಿ ನಿಂದೇ ಕಣೋ, ರಿಟೈರ್ ಆಗೋತನಕ," ಎಂದರು. ಸೀನಪ್ಪನ ಕಣ್ಣು ಒದ್ದೆಯಾಯಿತು.

ಐದಕ್ಕೆ ಸರಿಯಾಗಿ ಅಕ್ಕ ಬಂದರು. ಹೊರಗೆ ಕಾರಿನಲ್ಲಿ ಯಾರೋ ಕಾಯುತ್ತಿದ್ದರು. ಅಕ್ಕ ಯಾರನ್ನೂ ಮಾತಾಡಿಸದೆ ನೇರ ಮಹಡಿ ಹತ್ತಿ, ಕನ್ನಡಕ ಏರಿಸಿ, ಪುಟವನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಕೆಳಗಿನಿಂದ ಮೇಲೆ ನೋಡಿದರು.

"ಎಲ್ಲಿ?"

"ಏನಕ್ಕಾ?" ಎಂದರು ಯಜಮಾನರು.

"ನನ್ನ ಹೆಸರು ಎಲ್ಲೋ?"

ಯಜಮಾನರು ಸೀನಪ್ಪನನ್ನು ನೋಡಿದರು. ಸೀನಪ್ಪ ಫ್ಯಾನು ನೋಡಿದ.

"ನಿನ್ನ ಹೆಸರು ಇಲ್ಲಿ ಯಾಕಕ್ಕ ಇರುತ್ತೆ?"

"ಯಾಕೆ ಅಂದ್ರೆ? ಮೊದಲನೇ ಸ್ಥಾನದಲ್ಲಿದ್ದೆ ಕಣೋ! ನಿನ್ನೆ ರಾತ್ರಿತನಕ! 'ಬೊಜ್ಜು ಕರಗಿಸಿ' ಯಾರು ಅಂದ್ಕೊಂಡೆ? ನಾನು! ಪುಡಿ ವ್ಯಾಪಾರ ಶುರುಮಾಡಿ ಒಂದು ವರ್ಷ ಆಯ್ತು. ನಿನಗೆ ಹೇಳಿದ್ರೆ ನಗ್ತೀಯ ಅಂತ ಹೇಳಿರಲಿಲ್ಲ. ಪ್ರಚಾರಕ್ಕೆ ಒಬ್ಬ ಪರಿಣತನನ್ನ ಇಟ್ಟಿದ್ದೀನಿ. 'ಮೇಡಂ, ಜಗತ್ತಿನ ಅಂಗಡಿ ಅಂಗಡಿಗೂ ನಿಮ್ಮ ಹೆಸರು ಮುಟ್ಟಿಸ್ತೀನಿ' ಅಂದ. ನಾನಂದೆ, ಮೊದಲು ನಮ್ಮ ತಮ್ಮನ ಅಂಗಡಿಗೆ ಗಿರಾಕಿ ಕಳಿಸಪ್ಪ, ರಕ್ತಸಂಬಂಧ ಅಂತ ಒಂದಿರುತ್ತಲ್ಲ. ಕಳಿಸಿದ ನೋಡು, ಸಾವಿರ ಸಾವಿರ!"

ಅಕ್ಕ ಚೀಲದಿಂದ ಮೊಬೈಲು ತೆಗೆದು ಒಂದು ಫೋಟೋ ತೋರಿಸಿದರು. ಅಪ್ಪ, ಮೀಸೆ, ಕೃತಜ್ಞತೆ, ಮೊದಲ ಸ್ಥಾನದಲ್ಲಿ ಬೊಜ್ಜು, ಪಕ್ಕದಲ್ಲಿ ಎಣಿಕೆ.

"ನಿನ್ನೆ ತೆಗೆದಿದ್ದು. ಅಪ್ಪನ ಪದ್ಧತಿ ಏನು? ಕಳಿಸಿದ ಒಬ್ಬೊಬ್ಬ ಗಿರಾಕಿಗೂ ಒಂದೊಂದು ದಿಂಬು. ಹೌದೋ ಅಲ್ವೋ?"

"ಅಕ್ಕಾ, ಅದೆಲ್ಲ... ಅವರು ಯಾರೂ ನಿಜವಾಗಿ ಬಂದಿಲ್ಲ. ಸೀನಪ್ಪಾ, ಹೇಳೋ! ಆ ಲಾಗು ತೋರಿಸೋ ಅಕ್ಕನಿಗೆ!"

"ಅಳಿಸಿಬಿಟ್ಟೆ ಯಜಮಾನ್ರೇ," ಎಂದ ಸೀನಪ್ಪ ಸಣ್ಣ ದನಿಯಲ್ಲಿ. "ಗುರುತೇ ಇರಕೂಡದು ಅಂದ್ರಲ್ಲ."

ಆದರೂ ಅವನು ಧೈರ್ಯ ತಂದುಕೊಂಡು, ಕುರ್ಚಿಯ ಹಿಡಿಕೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ, ಬಾಗಿಲು ತಟ್ಟಿ ಓಡಿಹೋಗುವ ಮೆಷಿನ್ನಿನ ಕತೆಯನ್ನು ಅಕ್ಕನಿಗೂ ಹೇಳಿದ. ಅಕ್ಕ ಪೂರ್ತಿ ಕೇಳಿಸಿಕೊಂಡರು.

"ಹಂಗಾದ್ರೆ ಒಂದು ವರ್ಷದಿಂದ ನಮ್ಮಪ್ಪನ ಫೋಟೋ ಕೆಳಗೆ ನೀನು ಸುಳ್ಳು ಬರೀತಿದ್ದೆ ಅಂತಾಯ್ತು?"

ಸೀನಪ್ಪ ಹೌದೆಂದರೆ ಕೆಲಸ ಹೋಗುತ್ತದೆ, ಅಲ್ಲವೆಂದರೆ ದಿಂಬು ಹೋಗುತ್ತದೆ. ಯಜಮಾನರು ಅವನ ಕಷ್ಟ ನೋಡಲಾರದೆ ಮಧ್ಯೆ ಬಂದರು. "ಸುಳ್ಳೇನಿಲ್ಲಕ್ಕ! ಅಪ್ಪನ ಹೆಸರಲ್ಲಿ ನಾವು ಸುಳ್ಳು ಹೇಳ್ತೀವಾ? ದಿಂಬು ಕೊಟ್ಟೇ ಕೊಡ್ತೀವಿ!"

"ಒಟ್ಟಿಗೇ ಬೇಡಪ್ಪ, ನಾನೇನು ಕಟುಕಳಲ್ಲ. ವಾರಕ್ಕೊಂದು ವ್ಯಾನು ತುಂಬಿಸಿ ಕಳಿಸು, ಋಣ ತೀರೋತನಕ. ಪುಡಿ ಡಬ್ಬದ ಜೊತೆ ದಿಂಬು ಫ್ರೀ ಅಂತ ಹಾಕಿಬಿಟ್ಟಿದ್ದೀನಿ. ಇವತ್ತು ಬೆಳಿಗ್ಗೆ ಕೂಡ ಯಾರೋ ಒಬ್ಬಳು ದಪ್ಪನವಳು ಫೋನ್ ಮಾಡಿದ್ಲು. ಅಂದ ಹಾಗೆ, ದಿಂಬು ತುಂಬೋಕೆ ಜನ ಇದಾರಾ?"

ಯಜಮಾನರು ಸೀನಪ್ಪನ ಕಡೆ ತಿರುಗಲಿಲ್ಲ. ನೆಲ ನೋಡುತ್ತಾ, "ಒಬ್ಬ ಇದಾನೆ, ಅನುಭವಸ್ಥ," ಎಂದರು.

"ಒಳ್ಳೇದಾಯ್ತು. ಇಲ್ಲಿ ಕುರ್ಚಿಗೆ ನಾನೇ ಜನ ತಂದಿದ್ದೀನಿ. ವೆಬ್‌ಸೈಟ್ ಅಂದ್ರೆ ತಿಳಿದೋರು ನೋಡ್ಕೋಬೇಕು." ಅಕ್ಕ ಕಿಟಕಿಯಿಂದ ಬಗ್ಗಿ, "ಬಾರಪ್ಪ ಒಳಗೆ!" ಎಂದು ಕೂಗಿದರು.

ಕಾರಿನಿಂದ ಇಳಿದು ಬಂದವನು ಕಪ್ಪು ಕನ್ನಡಕದ, ಮೃದು ಮಾತಿನ ಮಧ್ಯವಯಸ್ಸಿನ ಆಸಾಮಿ. ಎಲ್ಲರಿಗೂ ನಮಸ್ಕರಿಸಿ, ಸೀನಪ್ಪ ಎದ್ದ ಕುರ್ಚಿಯಲ್ಲಿ ಕೂತು, ಅದನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡ.

"ನಿಮ್ಮ ಸೈಟ್ ನನಗೆ ಚೆನ್ನಾಗಿ ಗೊತ್ತು ಸಾರ್," ಎಂದ ಸೀನಪ್ಪನಿಗೆ, ತುಂಬ ವಿನಯದಿಂದ. "ದಿನಾ ಬರ್ತಿದ್ದೆ."

ಆಮೇಲೆ ಫ್ಯಾನು ಜೋರು ಮಾಡಿದ.

ಗೋಡೌನಿನಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಮೂಲೆ, ಅದೇ ಹತ್ತಿಯ ಗುಡ್ಡ, ಅದೇ ಧೂಳು. ಸೀನಪ್ಪ ಮನೆಗೆ ಫೋನ್ ಮಾಡಿದ. ಅವನು "ಹಲೋ" ಎನ್ನಬೇಕೆಂದವನು ಅದರ ಬದಲು ಮೂರು ಸಲ ಸೀನಿದ. ಆ ಕಡೆಯಿಂದ ಹೆಂಡತಿ, "ಚಾಪೆ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದಳು.

ಹೊಲಿಗೆಯಮ್ಮ ಗವಸಿನ ರಾಶಿಯನ್ನು ತಂದು ಅವನ ಮುಂದೆ ಸುರಿದರು. ಅವರ ಮುಖದಲ್ಲಿ ಸಂತೋಷ ತುಳುಕುತ್ತಿತ್ತು.

"ಸೀನಪ್ಪಾ, ಪುಡಿಯವರು ಈಗ ಫೋನ್ ಮಾಡಿದ್ರು ಕಣಪ್ಪ. ನನಗೆ ಫ್ರೀ ಬರೋದು ದಿಂಬಂತೆ! ಸುಮ್ನೆ ಮೋಸ ಮೋಸ ಅಂತಿದ್ದೆಯಲ್ಲ. ನೋಡು, ಒಂದಕ್ಕಾದ್ರೂ ಹತ್ತಿ ಸ್ವಲ್ಪ ಜಾಸ್ತಿ ತುಂಬು. ಯಾವುದು ನನಗೆ ಬರುತ್ತೋ ಏನೋ."